ಡಿಸ್ನಿ ಲೋಕದಲ್ಲಿ ಊಟದ ಖರ್ಚು: ಬುತ್ತಿ ಕಟ್ಟಿಕೊಂಡು ಹೋಗಬಹುದು!

ಬಿಡದಿಯ ವಂಡರ್‌ಲಾಗೆ ಮಕ್ಕಳನ್ನು ಕರೆದೊಯ್ದವರಿಗೆ ಒಂದು ನಿಯಮ ಚೆನ್ನಾಗಿ ನೆನಪಿರುತ್ತದೆ. ಹೊರಗಿನ ಊಟ-ತಿಂಡಿಯನ್ನು ಒಳಗೆ ಒಯ್ಯುವಂತಿಲ್ಲ. 2005ರಲ್ಲಿ ಮೈಸೂರು ರಸ್ತೆಯಲ್ಲಿ ಆರಂಭವಾದ ಆ ಉದ್ಯಾನದ ಬಾಗಿಲಲ್ಲಿ ಮನೆಯ ಚಿತ್ರಾನ್ನದ ಡಬ್ಬಿಯನ್ನು ಕಾರಿಗೆ ಮರಳಿಸಿ ಬಂದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಇದೇ ಅನುಭವವನ್ನು ಮನಸ್ಸಿನಲ್ಲಿಟ್ಟುಕೊಂಡು ಅಮೆರಿಕದ ಫ್ಲೋರಿಡಾ ರಾಜ್ಯದ ಒರ್ಲ್ಯಾಂಡೊ ನಗರದ ಸಮೀಪವಿರುವ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಹೋಗುವ ಕನ್ನಡಿಗರು, ಅಲ್ಲಿಯೂ ಹಾಗೆಯೇ ಇರಬೇಕೆಂದು ಭಾವಿಸಿ ಬರಿಗೈಯಲ್ಲಿ ಒಳಹೊಕ್ಕು, ನೀರಿನ ಬಾಟಲಿಯಿಂದ ಮೊದಲ್ಗೊಂಡು ಪ್ರತಿಯೊಂದನ್ನೂ ಡಾಲರ್ ತೆತ್ತು ಕೊಳ್ಳುತ್ತಾರೆ. ವಾಸ್ತವದಲ್ಲಿ ಅಲ್ಲಿನ ನಿಯಮ ಇದಕ್ಕೆ ತೀರಾ ವ್ಯತಿರಿಕ್ತವಾಗಿದೆ.

ಮಗನೋ ಮಗಳೋ ಅಮೆರಿಕದಲ್ಲಿ ನೆಲೆಸಿದ್ದು, ಬೇಸಿಗೆಯಲ್ಲಿ ಅಪ್ಪ-ಅಮ್ಮಂದಿರನ್ನು ಕರೆಸಿಕೊಂಡಾಗ ಮೊಮ್ಮಗುವಿನ ಸಮೇತ ಒಮ್ಮೆ ಒರ್ಲ್ಯಾಂಡೊಗೆ ಹೋಗಿಬರುವುದು ಈಗ ರೂಢಿಯಾಗಿಬಿಟ್ಟಿದೆ. ವಿಮಾನದ ಟಿಕೆಟು, ಉದ್ಯಾನದ ಪ್ರವೇಶ ಶುಲ್ಕ, ಹೋಟೆಲು ಇವುಗಳ ದರ ಮುಂಚಿತವಾಗಿ ಗೊತ್ತಿರುತ್ತದೆ. ಅವುಗಳಲ್ಲಿ ಉಳಿಸುವುದು ಕಡಿಮೆ. ಊಟದ ಖರ್ಚು ಮಾತ್ರ ಹಾಗಲ್ಲ. ಹಸಿದ ಹೊತ್ತಿನಲ್ಲಿ, ಬಿಸಿಲಿನಲ್ಲಿ, ಅಳುವ ಮಗುವನ್ನು ಎತ್ತಿಕೊಂಡು ಕೈಗೊಳ್ಳುವ ನಿರ್ಧಾರಗಳು ಅವು. ಡಾಲರನ್ನು ರೂಪಾಯಿಗೆ ಗುಣಿಸಿ ನೋಡಿದ ಹಿರಿಯರು ‘ನನಗೆ ಹಸಿವಿಲ್ಲಪ್ಪ’ ಎಂದು ಹೇಳಿ ಬೆಂಚಿನ ಮೇಲೆ ಕುಳಿತುಬಿಡುವುದೂ ಉಂಟು. ಮಧುಮೇಹಕ್ಕೆ ಮಾತ್ರೆ ನುಂಗುವ ವಯಸ್ಸಿನಲ್ಲಿ ಇಂಥ ಉಳಿತಾಯ ಅಪಾಯಕಾರಿ. ಆದುದರಿಂದ ಊಟವನ್ನು ಬಿಡುವುದರ ಬದಲು ಎಷ್ಟು ಊಟವನ್ನು ಒಳಗೆ ಕೊಳ್ಳಬೇಕೆಂಬುದನ್ನು ಹೊರಡುವ ಮುನ್ನವೇ ತೀರ್ಮಾನಿಸಿಕೊಳ್ಳುವುದು ಮೇಲು.

ನಿಯಮ ಏನನ್ನುತ್ತದೆ?

ಡಿಸ್ನಿ ವರ್ಲ್ಡ್ ಎಂದರೆ ಒಂದು ಉದ್ಯಾನವಲ್ಲ. 1971ರಲ್ಲಿ ತೆರೆದ ಮ್ಯಾಜಿಕ್ ಕಿಂಗ್‌ಡಂ, 1982ರ ಎಪ್ಕಾಟ್, 1989ರಲ್ಲಿ ಬೇರೆ ಹೆಸರಿನಿಂದ ಆರಂಭವಾಗಿ ಈಗ ಹಾಲಿವುಡ್ ಸ್ಟುಡಿಯೋಸ್ ಎನಿಸಿಕೊಂಡಿರುವುದು ಹಾಗೂ 1998ರ ಅನಿಮಲ್ ಕಿಂಗ್‌ಡಂ ಎಂಬ ನಾಲ್ಕು ಪ್ರತ್ಯೇಕ ಉದ್ಯಾನಗಳಿವೆ. ಈ ನಾಲ್ಕಕ್ಕೂ ಸ್ವಂತ ಸೇವನೆಗಾಗಿ ಹೊರಗಿನ ಆಹಾರ ಹಾಗೂ ಮದ್ಯವಲ್ಲದ ಪಾನೀಯಗಳನ್ನು ಒಯ್ಯಲು ಅನುಮತಿಯಿದೆ. ಷರತ್ತುಗಳು ಕೆಲವೇ. ಗಾಜಿನ ಪಾತ್ರೆ ಕೂಡದು. ಮಗುವಿನ ಆಹಾರದ ಸಣ್ಣ ಸೀಸೆಗೆ ಮಾತ್ರ ವಿನಾಯಿತಿ. ಒಯ್ದ ಆಹಾರವು ಬಿಸಿ ಮಾಡಬೇಕಾದ ಅಥವಾ ಫ್ರಿಜ್‌ನಲ್ಲಿಡಬೇಕಾದ ಬಗೆಯದಾಗಿರಬಾರದು. ಚೀಲವಾಗಲಿ ಕೂಲರ್ ಆಗಲಿ 24 ಅಂಗುಲ ಉದ್ದ, 15 ಅಂಗುಲ ಅಗಲ, 18 ಅಂಗುಲ ಎತ್ತರವನ್ನು ಮೀರಬಾರದು. ಬಿಡಿ ಮಂಜುಗಡ್ಡೆ ಮತ್ತು ಡ್ರೈ ಐಸ್ ನಿಷಿದ್ಧ. ಮತ್ತೆ ಮತ್ತೆ ಬಳಸಬಹುದಾದ ಐಸ್ ಪ್ಯಾಕ್‌ಗಳಿಗೆ ಅಡ್ಡಿಯಿಲ್ಲ.

ಇನ್ನೊಂದು ಷರತ್ತು ನಮ್ಮವರು ವಿಶೇಷವಾಗಿ ಗಮನಿಸಬೇಕಾದುದು: ಆಹಾರಕ್ಕೆ ಘಾಟು ವಾಸನೆ ಇರಬಾರದು. ಬೆಳ್ಳುಳ್ಳಿ ಚಟ್ನಿಪುಡಿ, ಇಂಗಿನ ಒಗ್ಗರಣೆಯ ಉಪ್ಪಿನಕಾಯಿ ನಮಗೆ ಪರಿಮಳವಾದರೂ ತಪಾಸಣೆಯ ಸಿಬ್ಬಂದಿಗೆ ಹಾಗೆನಿಸಬೇಕಿಲ್ಲ. ಉಪ್ಪಿನಕಾಯಿಯ ಸೀಸೆ ಗಾಜಿನದಾಗಿದ್ದರಂತೂ ಎರಡೂ ನಿಯಮಗಳ ಉಲ್ಲಂಘನೆಯಾದಂತೆ. ಭದ್ರವಾದ ಮುಚ್ಚಳವುಳ್ಳ ಸ್ಟೀಲಿನ ಅಥವಾ ಪ್ಲಾಸ್ಟಿಕ್ಕಿನ ಡಬ್ಬಿಗಳೇ ಇಲ್ಲಿ ಕ್ಷೇಮ.

ಐವರ ಕುಟುಂಬದ ಲೆಕ್ಕ

ಅಜ್ಜ, ಅಜ್ಜಿ, ಮಗ, ಸೊಸೆ, ಏಳು ವರ್ಷದ ಮೊಮ್ಮಗಳು ಎಂದಿಟ್ಟುಕೊಳ್ಳೋಣ. ಉದ್ಯಾನದೊಳಗಿನ ಕೌಂಟರ್ ಹೋಟೆಲುಗಳಲ್ಲಿ ದೊಡ್ಡವರ ಒಂದು ಊಟಕ್ಕೆ 15 ಡಾಲರ್, ಮಗುವಿನದಕ್ಕೆ 8 ಡಾಲರ್ ಎಂದು ಲೆಕ್ಕ ಹಿಡಿದರೆ ಒಂದು ಹೊತ್ತಿಗೆ 68 ಡಾಲರ್, ಎರಡು ಹೊತ್ತಿಗೆ 136 ಡಾಲರ್ ಆಗುತ್ತದೆ. ಬೆಳಗಿನ ಉಪಾಹಾರಕ್ಕೆ 47 ಡಾಲರ್. ಐದು ಮಂದಿ ತಲಾ ಮೂರು ಬಾಟಲಿ ನೀರನ್ನು ನಾಲ್ಕು ಡಾಲರಿನಂತೆ ಕೊಂಡರೆ ಅದೇ 60 ಡಾಲರ್! ಒಟ್ಟು 243, ಶೇ. 6.5ರ ಮಾರಾಟ ತೆರಿಗೆ ಸೇರಿದಾಗ ಸುಮಾರು 259. ಐದು ದಿನಕ್ಕೆ 1,290 ಡಾಲರಿಗೂ ಮೇಲೆ.

ಇದೇ ಕುಟುಂಬ ಉಪಾಹಾರವನ್ನು ಕೋಣೆಯಲ್ಲಿ ಮುಗಿಸಿ, ಮಧ್ಯಾಹ್ನಕ್ಕೆ ಬುತ್ತಿ ಒಯ್ದು, ನೀರನ್ನು ಕೊಳ್ಳದೆ, ದಿನಕ್ಕೆ ಒಂದೇ ಒಂದು ಬಿಸಿ ಊಟವನ್ನು ಒಳಗೆ ಕೊಂಡರೆ ಐದು ದಿನಕ್ಕೆ ತೆರಿಗೆ ಸಹಿತ ಸುಮಾರು 362 ಡಾಲರ್. ದಿನಸಿಗೆ 150 ಡಾಲರ್ ಎಂದಿಟ್ಟುಕೊಂಡರೂ 512 ಡಾಲರಿಗೆ ಮುಗಿಯುತ್ತದೆ. ಇವು ಲೆಕ್ಕಕ್ಕಾಗಿ ಹಿಡಿದ ಅಂದಾಜು ದರಗಳು. ಉದ್ಯಾನದಿಂದ ಉದ್ಯಾನಕ್ಕೆ, ಖಾದ್ಯದಿಂದ ಖಾದ್ಯಕ್ಕೆ ಬದಲಾಗುತ್ತವೆ. ಆದರೂ ಉಳಿತಾಯದ ಬಹುಪಾಲು ಎಲ್ಲಿಂದ ಬರುತ್ತದೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಯಾರೂ ಹಸಿದಿರಬೇಕಾಗಿಲ್ಲ.

ನೀರಿನ ವಿಚಾರದಲ್ಲಿ ಒಂದು ಪೈಸೆಯನ್ನೂ ವ್ಯಯಿಸಬೇಕಿಲ್ಲ. ಪಾನೀಯ ಸುರಿದುಕೊಡುವ ಯಾವುದೇ ಕೌಂಟರ್ ಹೋಟೆಲಿನಲ್ಲಿ ಕೇಳಿದರೆ ಮಂಜುಗಡ್ಡೆ ಹಾಕಿದ ನೀರನ್ನು ಲೋಟದಲ್ಲಿ ಉಚಿತವಾಗಿ ಕೊಡುತ್ತಾರೆ. ಬೇರೇನನ್ನೂ ಕೊಳ್ಳಬೇಕೆಂಬ ನಿರ್ಬಂಧವಿಲ್ಲ. ಬಾಟಲಿ ತುಂಬಿಸಿಕೊಳ್ಳುವ ನಲ್ಲಿಗಳೂ ಇವೆ. ಫ್ಲೋರಿಡಾದ ನಲ್ಲಿ ನೀರಿಗೆ ಒಂದು ಬಗೆಯ ರುಚಿಯಿದೆ. ಕಾವೇರಿ ನೀರಿಗೆ ಒಗ್ಗಿದ ನಾಲಿಗೆಗೆ ಅದು ಹಿಡಿಸದಿರಬಹುದು. ಬಾಟಲಿಗೆ ಒಂದು ನಿಂಬೆ ಹೋಳು ಹಾಕಿಕೊಂಡರೆ ಸಾಕು.

ಬುತ್ತಿಯಲ್ಲಿ ಏನಿರಬೇಕು?

ಇಲ್ಲಿ ಸ್ವಲ್ಪ ವಿವೇಚನೆ ಬೇಕು. ರೈಲು ಪ್ರಯಾಣಕ್ಕೆ ಹಾಲಿನಲ್ಲಿ ಅನ್ನ ಕಲಸಿ ಒಂದು ಚಮಚ ಮೊಸರು ಬೆರೆಸಿಟ್ಟರೆ ಮಧ್ಯಾಹ್ನದ ವೇಳೆಗೆ ಹದವಾದ ಮೊಸರನ್ನ ಸಿದ್ಧವಾಗಿರುತ್ತದೆಂಬುದು ನಮ್ಮ ಅಜ್ಜಿಯರ ಜಾಣ್ಮೆ. ಒರ್ಲ್ಯಾಂಡೊದಲ್ಲಿ ಅದನ್ನು ಅನುಸರಿಸುವುದು ಬೇಡ. ಜೂನ್‌ನಿಂದ ಆಗಸ್ಟ್‌ವರೆಗೆ ಅಲ್ಲಿನ ಉಷ್ಣಾಂಶ ಬಹುತೇಕ ದಿನ 32 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಜೊತೆಗೆ ಮಂಗಳೂರಿನಂಥ ಸೆಕೆ. ಬೇಯಿಸಿದ ಆಹಾರವನ್ನು ತಂಪಿಲ್ಲದೆ ಎರಡು ಗಂಟೆಗಿಂತ ಹೆಚ್ಚು, ಉಷ್ಣಾಂಶ 32 ಡಿಗ್ರಿ ಮೀರಿದ್ದಾಗ ಒಂದು ಗಂಟೆಗಿಂತ ಹೆಚ್ಚು ಹೊರಗಿಡಬಾರದೆಂಬುದು ಅಮೆರಿಕದ ಕೃಷಿ ಇಲಾಖೆಯ ಸೂಚನೆ. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಣಗಳು ಬೇಯಿಸಿದ ಮೇಲೂ ಉಳಿಯಬಲ್ಲವು. ಬೆಚ್ಚನೆಯ ಚೀಲದಲ್ಲಿ ಅವು ಬೆಳೆದು ವಾಂತಿ-ಭೇದಿಗೆ ಕಾರಣವಾಗುತ್ತವೆ. ಪುಳಿಯೋಗರೆಯ ಹುಣಿಸೆಹುಳಿ ಸ್ವಲ್ಪ ರಕ್ಷಣೆ ನೀಡೀತಾದರೂ ಅದನ್ನೇ ನಂಬಿ ದಿನವಿಡೀ ಹೊತ್ತು ತಿರುಗುವುದು ಸರಿಯಲ್ಲ. ಹೇಗೂ ಫ್ರಿಜ್ ಬೇಡುವ ಆಹಾರಕ್ಕೆ ನಿಯಮದಲ್ಲೇ ಅವಕಾಶವಿಲ್ಲ. ಕಾಯಿತುರಿ ಹಾಕಿದ ಯಾವುದನ್ನೂ ಒಯ್ಯದಿರುವುದು ಲೇಸು.

ಹಾಗಾದರೆ ಉಳಿಯುವುದೇನು? ಬಹಳವೇ ಉಳಿಯುತ್ತದೆ. ಚಪಾತಿಗೆ ತುಪ್ಪ ಸವರಿ ಶೇಂಗಾ ಚಟ್ನಿಪುಡಿ ಉದುರಿಸಿ ಸುರುಳಿ ಸುತ್ತಿದರೆ ತಟ್ಟೆಯೂ ಬೇಡ, ಚಮಚವೂ ಬೇಡ. ಸರತಿಯ ಸಾಲಿನಲ್ಲಿ ನಿಂತೇ ತಿನ್ನಬಹುದು. ಉತ್ತರ ಕರ್ನಾಟಕದವರ ಖಡಕ್ ಜೋಳದ ರೊಟ್ಟಿ ಇಂಥ ತಿರುಗಾಟಕ್ಕೆಂದೇ ಹುಟ್ಟಿದಂತಿದೆ, ಎಷ್ಟು ದಿನವಿಟ್ಟರೂ ಕೆಡುವುದಿಲ್ಲ. ಒಗ್ಗರಣೆ ಹಾಕಿದ ಗಟ್ಟಿ ಅವಲಕ್ಕಿ ಅಥವಾ ಮಂಡಕ್ಕಿ, ಕೋಡುಬಳೆ, ನಿಪ್ಪಟ್ಟು, ಹುರಿಗಡಲೆ, ಶೇಂಗಾ ಚಿಕ್ಕಿ, ಬಾಳೆಹಣ್ಣು, ಸೇಬು ಇವೆಲ್ಲವೂ ಸಲ್ಲುತ್ತವೆ. ಬೆವರು ಹರಿಯುವ ಊರಿನಲ್ಲಿ ಉಪ್ಪು ಬೆರೆತ ಕುರುಕಲು ಒಳ್ಳೆಯದೇ. ಮಗುವಿಗೆ ಶೇಂಗಾ ಬೆಣ್ಣೆ ಸವರಿದ ಬ್ರೆಡ್ ಸಾಕಾಗುತ್ತದೆ. ಚಾಕಲೇಟು ಮಾತ್ರ ಹತ್ತು ನಿಮಿಷದಲ್ಲಿ ಪಾಯಸವಾಗುತ್ತದೆ.

ಬುತ್ತಿಯನ್ನು ಕಾರಿನಲ್ಲಿಟ್ಟು ಮಧ್ಯಾಹ್ನ ಹೋಗಿ ತಿಂದು ಬರುತ್ತೇವೆಂಬ ಯೋಚನೆ ಮ್ಯಾಜಿಕ್ ಕಿಂಗ್‌ಡಂನಲ್ಲಿ ಫಲಿಸದು. ಅಲ್ಲಿ ವಾಹನ ನಿಲ್ದಾಣವಿರುವುದು ಕೆರೆಯ ಆಚೆ ದಡದಲ್ಲಿ. ಮಾನೋರೈಲಿನಲ್ಲೋ ದೋಣಿಯಲ್ಲೋ ದಾಟಬೇಕು. ಹೋಗಿಬರುವಷ್ಟರಲ್ಲಿ ಒಂದು ಗಂಟೆಗೂ ಹೆಚ್ಚು ಕಾಲ ಕಳೆದುಹೋಗಬಹುದು. ಬಿಸಿಲಿನಲ್ಲಿ ನಿಂತ ಕಾರಿನೊಳಗಣ ಶಾಖವೂ ಆಹಾರಕ್ಕೆ ತರವಲ್ಲ. ಅದಕ್ಕಿಂತ ಪ್ರವೇಶದ್ವಾರದ ಬಳಿಯ ಬಾಡಿಗೆ ಲಾಕರ್‌ನಲ್ಲಿಡಬಹುದು, ಇಲ್ಲವೇ ಮಗುವಿನ ತಳ್ಳುಗಾಡಿಯ ಕೆಳಗಿನ ಬುಟ್ಟಿಯನ್ನು ಬಳಸಬಹುದು.

ಕೋಣೆ, ಅಡುಗೆಮನೆ, ದಿನಸಿ

ಬೆಳಗ್ಗೆ ಬಿಸಿಯಾದ ಏನನ್ನಾದರೂ ತಿಂದೇ ಹೊರಡಬೇಕೆಂಬ ಹಿರಿಯರಿಗೆ ಅಡುಗೆಮನೆಯುಳ್ಳ ವಸತಿಯೇ ತಕ್ಕುದು. ಸಮೀಪದ ಕಿಸ್ಸಿಮಿಯಲ್ಲಿ ದಿನಬಾಡಿಗೆಗೆ ಸಿಗುವ ಮನೆಗಳು ಹೇರಳವಾಗಿವೆ. ಎರಡು ಕುಟುಂಬಗಳು ಸೇರಿ ಹಿಡಿದರೆ ಹೋಟೆಲಿಗಿಂತ ಅಗ್ಗವಾಗುವುದೂ ಉಂಟು. ಡಿಸ್ನಿಯ ಸ್ವಂತ ಹೋಟೆಲುಗಳ ಕೋಣೆಗಳಲ್ಲಿ ಸಣ್ಣ ಫ್ರಿಜ್ ಇರುತ್ತದೆ. ಅಗ್ಗದ ದರ್ಜೆಯ ಸಾಧಾರಣ ಕೋಣೆಗಳಲ್ಲಿ ಮೈಕ್ರೋವೇವ್ ಇರುವುದಿಲ್ಲ. ಕೋಣೆಯಲ್ಲಿ ಎಲೆಕ್ಟ್ರಿಕ್ ಒಲೆ ಹಚ್ಚಿ ಒಗ್ಗರಣೆ ಹಾಕುವ ಸಾಹಸಕ್ಕೆ ಯಾರೂ ಕೈಹಾಕಬಾರದು. ಸಾಸಿವೆ ಸಿಡಿದ ಹೊಗೆಗೆ ಬೆಂಕಿಯ ಎಚ್ಚರಿಕೆ ಗಂಟೆ ಮೊಳಗಿ ಇಡೀ ಹೋಟೆಲೇ ಬೀದಿಗೆ ಬಂದೀತು. ಕೋಣೆಯ ಕಾಫಿ ಯಂತ್ರದ ಬಿಸಿನೀರು ಸುರಿದು ಮುಚ್ಚಿಟ್ಟರೆ ಸಿದ್ಧವಾಗುವ ಉಪ್ಪಿಟ್ಟು, ಅವಲಕ್ಕಿಯ ಪೊಟ್ಟಣಗಳು ಅಮೆರಿಕದ ಭಾರತೀಯ ದಿನಸಿ ಅಂಗಡಿಗಳಲ್ಲಿ ದೊರೆಯುತ್ತವೆ.

ಉಳಿದ ಸಾಮಾನುಗಳನ್ನು ವಾಲ್‌ಮಾರ್ಟ್, ಪಬ್ಲಿಕ್ಸ್, ಆಲ್ಡಿಯಂಥ ಅಂಗಡಿಗಳಲ್ಲಿ ಬಂದಿಳಿದ ದಿನವೇ ಕೊಂಡುಬಿಡಬೇಕು. ಫ್ಲೋರಿಡಾದಲ್ಲಿ ದಿನಸಿ, ಹಾಲು, ಹಣ್ಣು-ತರಕಾರಿಗಳಿಗೆ ಸಾಮಾನ್ಯವಾಗಿ ಮಾರಾಟ ತೆರಿಗೆ ಇಲ್ಲ. ಹೋಟೆಲಿನ ಊಟಕ್ಕೆ ಇದೆ. ಚಪಾತಿ ಲಟ್ಟಿಸಲು ಪುರುಸೊತ್ತಿಲ್ಲದವರು ಟಾರ್ಟಿಯಾ ಎಂಬ ಮೆಕ್ಸಿಕನ್ ರೊಟ್ಟಿಯನ್ನು ಕೊಳ್ಳಬಹುದು, ಆದರೆ ಕೆಲವು ತಯಾರಿಕೆಗಳಲ್ಲಿ ಹಂದಿಯ ಕೊಬ್ಬು ಬೆರೆತಿರುವುದರಿಂದ ಸಸ್ಯಾಹಾರಿಗಳು ಪೊಟ್ಟಣದ ಹಿಂಬದಿಯನ್ನು ಓದಲೇಬೇಕು.

ಬೆಂಗಳೂರಿನಿಂದಲೇ ತಿಂಡಿ ಒಯ್ಯುವವರಿಗೆ ಒಂದು ಮಾತು. ವಿಮಾನ ನಿಲ್ದಾಣದಲ್ಲಿ ಆಹಾರ ಪದಾರ್ಥವಿದೆಯೆಂದು ಘೋಷಿಸಿಕೊಳ್ಳುವುದು ಕಡ್ಡಾಯ. ಬಚ್ಚಿಟ್ಟು ಸಿಕ್ಕಿಬಿದ್ದರೆ ದಂಡ. ತಾಜಾ ಹಣ್ಣು-ತರಕಾರಿ ಮತ್ತು ಕರಿಬೇವಿನ ಎಲೆಗೆ ಪ್ರವೇಶವಿಲ್ಲ. ಕರಿಬೇವು ಕಿತ್ತಳೆ-ನಿಂಬೆಗಳ ಬಂಧು. ಕಿತ್ತಳೆ ತೋಟಗಳನ್ನು ಹಾಳುಗೆಡವುವ ರೋಗವನ್ನು ಹರಡುವ ಕೀಟ ಅದರ ಎಲೆಯ ಮೇಲೂ ಬದುಕುತ್ತದೆ. ಕಿತ್ತಳೆಗೆ ಹೆಸರಾದ ಫ್ಲೋರಿಡಾ ಈಗಾಗಲೇ ಆ ರೋಗದಿಂದ ಭಾರಿ ನಷ್ಟ ಅನುಭವಿಸಿದೆ.

ಒಳಗೆ ಕೊಳ್ಳುವ ಆ ಒಂದು ಊಟ

ಎಲ್ಲ ಹೋಟೆಲುಗಳ ಖಾದ್ಯಪಟ್ಟಿ ಮತ್ತು ದರಗಳು ಡಿಸ್ನಿಯ ಮೊಬೈಲ್ ಆ್ಯಪ್‌ನಲ್ಲಿ ಸಿಗುತ್ತವೆ. ಸರತಿಯಲ್ಲಿ ನಿಂತು ದರ ನೋಡಿ ಬೆಚ್ಚುವುದಕ್ಕಿಂತ ಹಿಂದಿನ ರಾತ್ರಿಯೇ ಕುಳಿತು ಆರಿಸಿ, ಮರುದಿನ ಮೊಬೈಲಿನಲ್ಲೇ ಬೇಡಿಕೆ ಸಲ್ಲಿಸಬಹುದು. ಕೌಂಟರ್ ಹೋಟೆಲಿನಲ್ಲಿ ಮಕ್ಕಳ ಊಟವನ್ನು ಯಾರು ಬೇಕಾದರೂ ಕೊಳ್ಳಬಹುದೆಂಬುದು ಅನೇಕರಿಗೆ ತಿಳಿಯದು. ಮುಖ್ಯ ಖಾದ್ಯದ ಜೊತೆಗೆ ಸಾಮಾನ್ಯವಾಗಿ ಎರಡು ಉಪಖಾದ್ಯ, ಒಂದು ಪಾನೀಯ ಅದರಲ್ಲಿ ಸೇರಿರುತ್ತವೆ. ಮಿತಾಹಾರಿಗಳಾದ ಹಿರಿಯರಿಗೆ ಅಷ್ಟು ಧಾರಾಳವಾಗಿ ಸಾಕು.

ಸಸ್ಯಾಹಾರದ ವಿಚಾರದಲ್ಲಿ ಮೊದಲಿಗಿಂತ ಈಗ ಅನುಕೂಲ ಹೆಚ್ಚಿದೆ. 2019ರಿಂದ ಡಿಸ್ನಿ ಹೋಟೆಲುಗಳ ಖಾದ್ಯಪಟ್ಟಿಯಲ್ಲಿ ಮಾಂಸ, ಹಾಲು, ಮೊಟ್ಟೆ, ಜೇನು ಯಾವುದೂ ಇಲ್ಲದ ತಿನಿಸುಗಳಿಗೆ ಹಸಿರು ಎಲೆಯ ಗುರುತು ಹಾಕುತ್ತಾರೆ. ಬರಿಯ ‘ವೆಜಿಟೇರಿಯನ್’ ಎಂಬ ಮಾತನ್ನು ನಂಬಿದರೆ ಅದರಲ್ಲಿ ಮೊಟ್ಟೆ ಇದ್ದೀತು. ಸೂಪಿಗೆ ಕೋಳಿಯ ರಸ, ಚೀಸಿಗೆ ಪ್ರಾಣಿಮೂಲದ ಹೆಪ್ಪು ಬಳಸಿರಬಹುದು. ಆಲೂಗಡ್ಡೆ ಕರಿದ ಎಣ್ಣೆಯಲ್ಲೇ ಕೋಳಿಯನ್ನೂ ಕರಿದಿರಬಹುದು. ಇದನ್ನು ಗಂಭೀರವಾಗಿ ಪರಿಗಣಿಸುವವರು ಬಾಣಸಿಗರನ್ನೇ ಕರೆಸಿ ಕೇಳಬಹುದು. ಸಂಕೋಚ ಬೇಡ, ಅಲ್ಲಿ ಅದು ದಿನನಿತ್ಯದ ಮಾತು. ಬೇಡವಾದ ಊಟ ಕೊಂಡು ತಟ್ಟೆಯಲ್ಲೇ ಬಿಡುವುದಕ್ಕಿಂತ ದೊಡ್ಡ ದುಂದು ಇನ್ನೊಂದಿಲ್ಲ.

ಡಿಸ್ನಿ ಹೋಟೆಲಿನಲ್ಲಿ ತಂಗುವವರಿಗೆ ಮುಂಗಡ ಹಣ ಕಟ್ಟುವ ‘ಡೈನಿಂಗ್ ಪ್ಲಾನ್’ ಎಂಬ ಯೋಜನೆಯೊಂದಿದೆ. 2020ರಲ್ಲಿ ಸಾಂಕ್ರಾಮಿಕದ ಸಮಯದಲ್ಲಿ ನಿಂತುಹೋಗಿದ್ದ ಇದು 2024ರ ಜನವರಿಯಲ್ಲಿ ಮರಳಿ ಬಂದಿತು. ಆ ವರ್ಷ ಅಗ್ಗದ ದರ್ಜೆಗೆ ದೊಡ್ಡವರೊಬ್ಬರಿಗೆ ರಾತ್ರಿಯೊಂದಕ್ಕೆ ಸುಮಾರು 57 ಡಾಲರ್ ಇತ್ತು. ಅದಕ್ಕೆ ಪ್ರತಿಯಾಗಿ ಎರಡು ಕೌಂಟರ್ ಊಟ, ಒಂದು ಕುರುಕಲು, ಜೊತೆಗೆ ಹೋಟೆಲಿನಲ್ಲಿ ಮತ್ತೆ ಮತ್ತೆ ತುಂಬಿಸಿಕೊಳ್ಳಬಹುದಾದ ಒಂದು ಲೋಟ. ಕೋಣೆಯಲ್ಲಿರುವ ಮೂರು ವರ್ಷ ಮೇಲ್ಪಟ್ಟವರೆಲ್ಲರೂ ಇದನ್ನು ಪಡೆಯಲೇಬೇಕು. ಹತ್ತು ತುಂಬಿದ ಮಗು ಡಿಸ್ನಿಯ ಲೆಕ್ಕದಲ್ಲಿ ದೊಡ್ಡವರು! ದುಬಾರಿಯಾದ ಮಾಂಸದ ಖಾದ್ಯಗಳನ್ನೂ ಮದ್ಯವನ್ನೂ ಇಷ್ಟಪಡುವವರಿಗೆ ಇದು ಲಾಭದಾಯಕವಾಗಬಹುದು. 12-13 ಡಾಲರಿನ ಅನ್ನ-ಕಾಳಿನ ಬಟ್ಟಲಿಗೆ ತೃಪ್ತಿಪಡುವ ಸಸ್ಯಾಹಾರಿ ಕುಟುಂಬಕ್ಕೆ ಹಾಗಾಗುವುದು ಕಷ್ಟ. ಬುತ್ತಿ ಒಯ್ಯುವವರಿಗಂತೂ ಇದು ಸಲ್ಲದು.

ಕುಳಿತು ಉಣ್ಣುವ ಹೋಟೆಲುಗಳಲ್ಲಿ ಪಟ್ಟಿಯ ದರವೇ ಕೊನೆಯ ದರವಲ್ಲ. 30 ಡಾಲರಿನ ಊಟಕ್ಕೆ ತೆರಿಗೆ ಸುಮಾರು 2 ಡಾಲರ್, ಶೇ. 18ರ ಟಿಪ್ಸ್ 5 ಡಾಲರ್ 40 ಸೆಂಟ್ ಸೇರಿ 37 ಡಾಲರ್ ದಾಟುತ್ತದೆ. ಆರು ಅಥವಾ ಹೆಚ್ಚು ಮಂದಿಯಿದ್ದರೆ ಶೇ. 18 ತಾನಾಗಿಯೇ ಬಿಲ್ಲಿಗೆ ಸೇರುತ್ತದೆ. ತಿಳಿಯದೆ ಎರಡನೆಯ ಬಾರಿ ಟಿಪ್ಸ್ ಕೊಟ್ಟುಬಿಡುವವರಿದ್ದಾರೆ. ಮುಂಗಡ ಕಾಯ್ದಿರಿಸಿ ಹೋಗದಿದ್ದರೆ ಸಾಮಾನ್ಯವಾಗಿ ತಲಾ 10 ಡಾಲರ್ ಕಡಿತವಾಗುತ್ತದೆ. ಮಿಕ್ಕಿ ಮೌಸ್ ಬಂದು ಮಗುವಿನ ಕೈಕುಲುಕುವ ಬಫೆ ಊಟ ರಾತ್ರಿಯ ಹೊತ್ತಿನಲ್ಲಿ ದೊಡ್ಡವರಿಗೆ 60 ಡಾಲರಿಗೂ ಹೆಚ್ಚಾಗುತ್ತದೆ. ಮೊಮ್ಮಗಳ ಆಸೆಗಾಗಿ ಒಮ್ಮೆ ಹೋಗಲೇಬೇಕೆಂದಿದ್ದರೆ ಬೆಳಗಿನ ಉಪಾಹಾರವನ್ನೇ ಆರಿಸಿಕೊಳ್ಳಿ, ದರ ಕಡಿಮೆ. ಅಪ್ಪ-ಅಮ್ಮ ಮಗುವನ್ನು ಕರೆದೊಯ್ದರೆ ಸಾಕು; ಹಣ್ಣು ಮತ್ತು ಸೊಪ್ಪಿನ ಚೂರಷ್ಟನ್ನೇ ಮುಟ್ಟುವ ಅಜ್ಜ-ಅಜ್ಜಿಯರಿಗೂ ಪೂರ್ಣ ದರ ತೆರುವುದರಲ್ಲಿ ಅರ್ಥವಿಲ್ಲ.

ಹಾಗೆ ಉಳಿಸಿದ ಹಣದಲ್ಲಿ ಒಂದು ಮಧ್ಯಾಹ್ನ ಅನಿಮಲ್ ಕಿಂಗ್‌ಡಂ ಲಾಡ್ಜ್ ಎಂಬ ಹೋಟೆಲಿನ ಸನಾ ಉಪಾಹಾರ ಗೃಹಕ್ಕೆ ಹಿರಿಯರನ್ನು ಕರೆದೊಯ್ಯಬಹುದು. ಭಾರತೀಯ ಶೈಲಿಯ ನಾನ್ ಮೊದಲಾದ ರೊಟ್ಟಿಗಳನ್ನು ಹಲವು ಬಗೆಯ ಚಟ್ನಿ, ರಾಯಿತಗಳೊಂದಿಗೆ ಅಲ್ಲಿ ಬಡಿಸುತ್ತಾರೆ. ಕಿಟಕಿಯಾಚೆಯ ಹುಲ್ಲುಗಾವಲಿನಲ್ಲಿ ಜಿರಾಫೆ, ಜೀಬ್ರಾಗಳು ಮೇಯುತ್ತಿರುತ್ತವೆ. ಅಲ್ಲಿಗೆ ಉದ್ಯಾನದ ಟಿಕೆಟು ಬೇಕಿಲ್ಲ.

ಯೂನಿವರ್ಸಲ್‌ನಲ್ಲಿ ಬೇರೆ ಕಟ್ಟಳೆ

ಇಷ್ಟೆಲ್ಲ ಹೇಳಿದ್ದು ಡಿಸ್ನಿಗೆ ಸಂಬಂಧಿಸಿ. ಅದೇ ಊರಿನ ಯೂನಿವರ್ಸಲ್ ಒರ್ಲ್ಯಾಂಡೊ ಉದ್ಯಾನಗಳಿಗೆ ಇದನ್ನೇ ಅನ್ವಯಿಸಿಕೊಂಡು ಹೋದರೆ ಬಾಗಿಲಲ್ಲಿ ನಿರಾಶೆಯಾದೀತು. ಅಲ್ಲಿ ನೀರಿನ ಬಾಟಲಿ, ಸಣ್ಣಪುಟ್ಟ ಕುರುಕಲು, ಮಗುವಿನ ಆಹಾರ ಹಾಗೂ ಆರೋಗ್ಯದ ಕಾರಣದಿಂದ ಅಗತ್ಯವಾದ ಆಹಾರಕ್ಕೆ ಮಾತ್ರ ಅವಕಾಶ. ಇಡೀ ಕುಟುಂಬದ ಊಟದ ಬುತ್ತಿಗೂ ಗಟ್ಟಿ ಕವಚದ ಕೂಲರ್‌ಗೂ ಅವಕಾಶವಿಲ್ಲ. ಮಧುಮೇಹದ ಪಥ್ಯದ ಆಹಾರವಿದ್ದರೆ ತಪಾಸಣೆಯಲ್ಲಿ ಅದನ್ನು ಸ್ಪಷ್ಟವಾಗಿ ಹೇಳಬೇಕು. ಹಳೆಯ ಎರಡು ಉದ್ಯಾನಗಳ ಹೊರಗೆ, ಟಿಕೆಟು ಬೇಡದ ಸಿಟಿವಾಕ್ ಎಂಬ ಅಂಗಡಿಬೀದಿಯಿದೆ. ನಡುಹಗಲು ಹೊರಬಂದು ಅಲ್ಲಿ ದರಗಳನ್ನು ತುಲನೆ ಮಾಡಿ ಉಂಡು, ಮರಳಿ ಒಳಹೋಗಬಹುದು. 2025ರ ಮೇ 22ರಂದು ತೆರೆದ ಎಪಿಕ್ ಯೂನಿವರ್ಸ್ ಅಲ್ಲಿಂದ ಕೆಲವು ಕಿಲೋಮೀಟರ್ ದೂರದಲ್ಲಿರುವುದರಿಂದ ಸಿಟಿವಾಕ್‌ನ ಈ ಅನುಕೂಲ ಅಲ್ಲಿಗೆ ಒದಗದು. ಆ ದಿನದ ಮಟ್ಟಿಗೆ ಬೆಳಗಿನ ಉಪಾಹಾರವನ್ನು ಕೋಣೆಯಲ್ಲೇ ಹೊಟ್ಟೆತುಂಬ ಮಾಡಿ, ಒಂದು ಊಟದ ಹಣವನ್ನು ಹೆಚ್ಚಾಗಿ ಎತ್ತಿಟ್ಟುಕೊಂಡು ಹೊರಡಬೇಕು.